ಬಾಂಬೇಗೌಡರ ಹಗೇವು

ನನ್ನ ಗಂಡನ ಮನೆಯಲ್ಲಿ ಕಕ್ಕಸು ಕಟ್ಟಿಸುವುದಕ್ಕೆ ಅಡ್ಡಗಾಲು ಹಾಕಿದವರು ಯಾರು ಗೊತ್ತೆ? ಅಮೆರಿಕ ಮತ್ತು ರಷ್ಯಾ! ನಗಬೇಡಿ. ಹೊಸ ಸೊಸೆಯ ಆಸೆಗೆ ಅತ್ತೆ ಅಡ್ಡ ಬರುವುದುಂಟು, ನಾದಿನಿ ಅಡ್ಡ ಬರುವುದುಂಟು, ಪಕ್ಕದ ಮನೆಯವರು ಗೋಡೆ ತಕರಾರು ತೆಗೆಯುವುದುಂಟು. ಆದರೆ ಪ್ರಪಂಚದ ಎರಡು ಮಹಾಶಕ್ತಿಗಳು ಒಟ್ಟಾಗಿ ನಿಂತು ಬಾಬುರಾಯನಕೊಪ್ಪಲಿನ ಒಬ್ಬ ಹೆಣ್ಣುಮಗಳ ಕಕ್ಕಸು ತಡೆದದ್ದು ಇದೊಂದೇ ಸಲ ಇರಬೇಕು. ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಆ ಇಬ್ಬರನ್ನೂ ಈ ಒಂದು ವಿಷಯದಲ್ಲಿ ಒಂದು ಮಾಡಿದ ಕೀರ್ತಿ ನಮ್ಮ ಮಾವನವರದು, ಅಂದರೆ ನನ್ನ ಗಂಡನ ತಂದೆಯವರದು.

ತೊಂಬತ್ತನೇ ಇಸವಿಯಲ್ಲಿ ನಾನು ಶೀಳನೆರೆ ಹತ್ತಿರದ ಅವರ ಹಳ್ಳಿಗೆ ಸೊಸೆಯಾಗಿ ಹೋದೆ. ನಮ್ಮ ತವರು ಬಾಬುರಾಯನಕೊಪ್ಪಲು ಮೈಸೂರು ರಸ್ತೆಯ ಅಂಚಿನಲ್ಲಿತ್ತು. ಅಪ್ಪ ಸಂಬಳದ ಕೆಲಸದಲ್ಲಿದ್ದವರು, ಮನೆಯಲ್ಲಿ ಕಕ್ಕಸು ಇತ್ತು. ಹೀಗಾಗಿ ಮಾತುಕತೆಯ ದಿನ ಬೇರೆ ಹೆಣ್ಣುಮಕ್ಕಳ ತಾಯಂದಿರು ಒಡವೆ ಎಷ್ಟು, ಸೀರೆ ಎಷ್ಟು ಎಂದು ಕೇಳುವ ಹೊತ್ತಿನಲ್ಲಿ ನಮ್ಮವ್ವ ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಕಕ್ಕಸು ಅದಾ?" ಎಲ್ಲರೂ ನೆಲ ನೋಡಿದರು. ಆಗ ಮಾವ ಮಾತ್ರ ಮೀಸೆ ಸವರಿಕೊಂಡು, "ಅದ್ಕೇನವ್ವ, ಕಟ್ಟುಸ್ಬುಡಮ" ಎಂದರು. ಅಷ್ಟು ಜನರ ಮುಂದೆ ಕೊಟ್ಟ ಮಾತು! ಎಲ್ಲಿ ಕಟ್ಟಿಸುತ್ತೀರಿ ಎಂದು ಕೇಳಬೇಕೆಂದು ಯಾರಿಗೆ ಹೊಳೆದೀತು?

ಮದುವೆಯಾದ ತಿಂಗಳಿಗೆ ಗಾರೆ ಕೆಲಸದವನೊಬ್ಬ ಬಂದು ಜಾಗ ನೋಡಿದ. ಮನೆಯ ಮುಂದೆ ಬೀದಿ. ಎಡಕ್ಕೆ ಕೊಟ್ಟಿಗೆ. ಬಲಕ್ಕೆ ಪಕ್ಕದವರ ಗೋಡೆ. ಹಿಂದೆ ಸೇದುವ ಬಾವಿ, ಅದರ ಹತ್ತಿರ ಕಕ್ಕಸಿನ ಗುಂಡಿ ತೋಡುವ ಹಾಗಿಲ್ಲ. ಉಳಿದದ್ದು ಹಿತ್ತಲಿನ ಮೂಲೆ ಒಂದೇ. ಅಲ್ಲೊಂದು ಕಲ್ಲುಚಪ್ಪಡಿ ಇತ್ತು. ಗಾರೆಯವನು ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಕೈಯಿಂದ ತಟ್ಟಿ ನೋಡಿ, ಕೆಳಗೆ ಟೊಳ್ಳು ಎಂದು ಗೊತ್ತಾಗಿ ಹಿಗ್ಗಿಹೋದ. "ಗೌಡ್ರೆ, ಗುಂಡಿ ರೆಡಿಯಾಗೇ ಅದಲ್ಲ! ತೋಡೋ ಕೆಲ್ಸನೇ ಇಲ್ಲ. ಇದ್ರ ಮ್ಯಾಲೆ ಬೇಸನ್ ಕೂರುಸ್ಬುಟ್ರೆ ಆಯ್ತು!"

ಮಾವನವರ ಮುಖ ನೋಡಬೇಕಿತ್ತು! ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, "ಎದ್ದೇಳ್ಲಾ ಮ್ಯಾಕೆ! ಅದು ಬಾಂಬಿನ ಹಗೇವು ಕಣ್ಲಾ! ನಾಳೆ ಅಮೇರಿಕದೋನೋ ರಸ್ಯಾದೋನೋ ಬಾಂಬಾಕ್ದಾಗ ನನ್ ಎಂಡ್ರು ಮಕ್ಳು ನಿನ್ ಬೇಸನ್ನಾಗೆ ಬಚ್ಚಿಟ್ಕಬೇಕಾ?" ಎಂದು ಗದರಿದರು. ಗಾರೆಯವನು ಅಳತೆಯ ದಾರ ಸುತ್ತಿಕೊಂಡು ಹೊರಟೇಹೋದ. ನಾನು ಗಂಡನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಹಗೇವು ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ರಾಗಿ ತುಂಬಿಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಹೋದರೆ ದೊಡ್ಡ ಗುಡಾಣದ ಹೊಟ್ಟೆ. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ಊರಿನ ಬೇರೆಯವರ ಹಗೇವುಗಳೆಲ್ಲ ಕಾಲಕ್ರಮೇಣ ಮುಚ್ಚಿಹೋಗಿದ್ದವು. ನಮ್ಮ ಮನೆಯದು ಮಾತ್ರ ರಾಗಿಯನ್ನು ಹೊರಕ್ಕೆ ಹಾಕಿ ಮನುಷ್ಯರಿಗಾಗಿ ನಲವತ್ತು ವರ್ಷದಿಂದ ಬಾಯಿ ತೆರೆದು ಕಾಯುತ್ತಿತ್ತು. ಊರವರು ಮಾವನಿಗೆ ಬಾಂಬೇಗೌಡರು ಎಂದು ಹೆಸರಿಟ್ಟಿದ್ದರು. ಕೃಷ್ಣರಾಜಪೇಟೆಯಿಂದ ಬರುವ ಬಸ್ಸಿನ ಕಂಡಕ್ಟರು ಕೂಡ "ಯಾರ್ರೀ ಬಾಂಬೇಗೌಡ್ರ ಮನೆ ತಾವ ಇಳ್ಯೋರು?" ಎಂದು ಕೂಗುತ್ತಿದ್ದ. ಮದುವೆಯಾದ ಹೊಸದರಲ್ಲಿ ನಾನು ನಾಚಿಕೊಂಡು ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದು ಬಂದದ್ದೂ ಉಂಟು.

ಇಷ್ಟಕ್ಕೂ ಇದು ಶುರುವಾದದ್ದು ಹೇಗೆ? ಅತ್ತೆಯ ಬಾಯಲ್ಲಿ ಕೇಳಿದ್ದು ಇದು. ಎರಡನೇ ಮಹಾಯುದ್ಧ ಮುಗಿದಾಗ ಮಾವನಿಗೆ ಇಪ್ಪತ್ತರ ಆಸುಪಾಸು. ಊರಲ್ಲಿ ಪೇಪರು ಓದಬಲ್ಲವರು ಇಬ್ಬರೋ ಮೂವರೋ. ಇವರು ಪೇಟೆಯ ಹೋಟೆಲಿನಿಂದ ಹಳೆಯ ಪೇಪರು ತಂದು ಅರಳಿಕಟ್ಟೆಯಲ್ಲಿ ಕೂತು ಓದಿ ಹೇಳುತ್ತಿದ್ದರು. ಯುದ್ಧ ಮುಗಿಯಿತು, ಇನ್ನು ಸೀಮೆಎಣ್ಣೆ ಸಿಗುತ್ತದೆ, ಸರ್ಕಾರದವರು ಲೆವಿ ಎಂದು ರಾಗಿ ಹೊತ್ತುಕೊಂಡು ಹೋಗುವುದು ನಿಲ್ಲುತ್ತದೆ ಎಂದು ಜನ ಕಾದಿದ್ದರೆ ಇವರು ಓದಿ ಹೇಳುತ್ತಿದ್ದುದು ಬೇರೆಯೇ. ಒಂದೇ ಕಡೆ ನಿಂತು ಗೆದ್ದ ಇಬ್ಬರು ಈಗ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಒಬ್ಬನ ಹತ್ತಿರ ಬಾಂಬಿದೆ. ನಾಲ್ಕು ವರ್ಷಕ್ಕೆ, ಇನ್ನೊಬ್ಬನೂ ಮಾಡಿಕೊಂಡ. ಮತ್ತೆ ಸ್ವಲ್ಪ ದಿನಕ್ಕೆ, ಕೊರಿಯಾದಲ್ಲಿ ಹೊಡೆದಾಟ.

"ಅದೆಂಗೆ ಒಂದೇ ಕಡೆ ಇದ್ದೋರು ದ್ವೇಸ ಕಟ್ಕಂಡ್ರು?" ಎಂದು ಯಾರೋ ಕೇಳಿದರಂತೆ.

"ಪಾಲು ಮಾಡ್ಕಳಕ್ಕೆ ಕುಂತ್ರು ನೋಡು, ಅಲ್ಲಿಂದ ಸುರುವಾಯ್ತು" ಎಂದರಂತೆ ಮಾವ. ಕಟ್ಟೆಯಲ್ಲಿದ್ದವರೆಲ್ಲ ತಲೆದೂಗಿದರಂತೆ. ಗದ್ದೆಯ ಬದುವಿಗಾಗಿ ದಾಯಾದಿಗಳು ಕೊಡಲಿ ಎತ್ತುವುದನ್ನು ಕಂಡ ಜನ, ಅವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ. ಆ ಜಗಳದ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಬಂದಿವೆಯಂತೆ. ಅವುಗಳಲ್ಲಿ ಇದಕ್ಕಿಂತ ಬೇರೆ ಏನಿರಬಹುದು ಎಂದು ನನಗೆ ಈಗಲೂ ಅನುಮಾನ.

ಎಲ್ಲರೂ ತಲೆದೂಗಿ ಮನೆಗೆ ಹೋಗಿ ಉಂಡು ಮಲಗಿದರು. ಇವರು ಮಾತ್ರ ಮನೆಗೆ ಬಂದು ಹಗೇವಿನ ರಾಗಿಯನ್ನೆಲ್ಲ ಮೇಲಕ್ಕೆ ಎತ್ತಿಸಿದರು! ಬಾಂಬು ಬಿದ್ದಾಗ ನೆಲದೊಳಗೆ ಇರುವವರು ಬದುಕುತ್ತಾರೆ ಎಂದು ಪೇಪರಿನಲ್ಲಿ ಓದಿದ್ದರಂತೆ. ಅವರ ಅಪ್ಪ, ಯಜಮಾನರು, ಕೋಲು ಹಿಡಿದು ಬಂದು, "ಯಾರೋ ಎಲ್ಲೋ ಕಿತ್ತಾಡುದ್ರೆ ನನ್ ರಾಗಿ ಯಾಕ್ಲಾ ಈಚ್ಗಾಕ್ತೀಯ?" ಎಂದು ಅಟ್ಟಾಡಿಸಿದರಂತೆ. ಮಗ ಓಡುತ್ತ ಓಡುತ್ತಲೇ, "ನಿನ್ನೂ ಉಳಿಸ್ಕಳಕ್ಕೆ ಕಣಪ್ಪೋ!" ಎಂದು ಕೂಗಿದರಂತೆ.

ಅತ್ತೆ ಆ ಮನೆಗೆ ಬಂದದ್ದು ಆ ವರ್ಷವೇ. ಹೊಸದಾಗಿ ಮದುವೆಯಾದ ಗಂಡ ಹೆಂಡತಿಗೆ ಮೊದಲು ಏನು ತೋರಿಸುತ್ತಾನೆ? ಹೊಲ ತೋರಿಸಬಹುದು, ಮೈಸೂರಿಗೆ ಕರೆದುಕೊಂಡು ಹೋಗಿ ಟಾಕೀಸು ತೋರಿಸಬಹುದು. ಇವರು ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಚಪ್ಪಡಿ ಸರಿಸಿ, "ಒಸಿ ಬಗ್ಗಿ ನೋಡು, ನೀನು ಇರೋದು ಇಲ್ಲೇ" ಎಂದರಂತೆ.

"ನಾನು ಬದುಕಿದ್ದಂಗೇ ಊತಾಕ್ಬುಡ್ತಾರೆ ಅಂತ ಕಿರುಚ್ಕಂಡೆ ಕಣವ್ವ" ಎಂದು ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಊರೋರೆಲ್ಲ ಸೇರ್ಬುಟ್ರು. ನಮ್ಮಣ್ಣ ಗಾಡಿ ಕಟ್ಕಂಡು ಬಂದ, ನನ್ನ ವಾಪಸ್ ಕರ್ಕಂಡೋಗಕ್ಕೆ. ಆಮ್ಯಾಲೆ ಅವ್ನಿಗೂ ಗುಂಡಿ ತೋರ್ಸಿದ್ರು. ಅವ್ನು ಊಟ ಮಾಡ್ಕಂಡು ಒಬ್ನೇ ಓದ."

ಅವರಿಗೆ ತಡವಾಗಿ ಮಕ್ಕಳಾದವು. ಮೊದಲು ನನ್ನ ಗಂಡ, ಆಮೇಲೆ ನನ್ನ ನಾದಿನಿ. ನನ್ನ ಗಂಡ ಹುಟ್ಟಿದ ವಾರವೇ ಯಾವುದೋ ದ್ವೀಪದ ಹತ್ತಿರ ಅಮೆರಿಕದ ಹಡಗು, ರಷ್ಯಾದ ಹಡಗು ಎದುರುಬದುರು ನಿಂತಿವೆ ಎಂದು ರೇಡಿಯೋದಲ್ಲಿ ಬಂತಂತೆ. ಮಾವ ಸೀದಾ ಬಾಣಂತಿಯ ಕೋಣೆಯ ಬಾಗಿಲಿಗೆ ಬಂದು, ತಾಯಿ ಮಗುವನ್ನು ಈಗಲೇ ಹಗೇವಿಗೆ ಇಳಿಸಬೇಕು ಎಂದರು. ಒಳಗಿದ್ದ ಸೂಲಗಿತ್ತಿ ಪೊರಕೆ ಹಿಡಿದೇ ಹೊರಗೆ ಬಂದಳು. "ಹಸಿ ಬಾಣಂತಿಯ ಗುಂಡಿಗಿಳುಸ್ತೀಯಾ? ಮೊದ್ಲು ನಿನ್ನ ಇಳುಸ್ತೀನಿ ಬಾ!" ಅಮೆರಿಕ, ರಷ್ಯಾ ಎರಡಕ್ಕೂ ಹೆದರಿದ್ದ ಮನುಷ್ಯ ಅವಳ ಪೊರಕೆಗೂ ಹೆದರಿ ಜಗಲಿಗೆ ಹೋಗಿ ಕೂತರಂತೆ. ಆ ಹಡಗುಗಳು ಹಿಂತಿರುಗುವವರೆಗೂ ಅನ್ನ ನೀರು ಮುಟ್ಟಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಆ ಮಾತು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ.

ಬಾಂಬಿಗೆ ಹೆದರುವವರು ಒಂದು ಪಕ್ಷ ಹಿಡಿದಾರು ಎಂದುಕೊಳ್ಳುತ್ತೀರೇನು? ಇಲ್ಲ! ಮಾವನವರು ಇಬ್ಬರಿಗೂ ಸಮನಾಗಿ ಹೆದರುತ್ತಿದ್ದರು. ಇಬ್ಬರನ್ನೂ ನೋಯಿಸಬಾರದು ಎನ್ನುವುದು ಅವರ ಮನೆಯ ಕಾಯಿದೆ. ಆ ಕಾಲದಲ್ಲಿ ಅಮೆರಿಕದಿಂದ ಗೋಧಿ ಬರುತ್ತಿತ್ತಲ್ಲ, ಅದನ್ನು ಮನೆಗೆ ತಂದ ದಿನ ಬೀದಿ ಬಾಗಿಲು ಹಾಕಿಕೊಂಡೇ ಉಪ್ಪಿಟ್ಟು ಮಾಡಬೇಕಿತ್ತು. ರಷ್ಯಾದವರಿಗೆ ಗೊತ್ತಾದರೆ ಏನೆಂದುಕೊಂಡಾರು? ಸ್ಕೂಲಿನಲ್ಲಿ ಅಮೆರಿಕದ ಹಾಲಿನ ಪುಡಿ ಕಲಸಿ ಕೊಡುತ್ತಿದ್ದರು. ಮಗನಿಗೆ, "ಕುಡ್ಕೊ. ಆದ್ರೆ ಜೈ ಗಿಯ್ ಅನ್ನಕ್ಕೆ ಓಗ್ಬೇಡ" ಎಂದು ಹೇಳಿ ಕಳಿಸುತ್ತಿದ್ದರು. ಮಗ ಕುಡಿದ ಹಾಲಿನ ಲೆಕ್ಕ ಸರಿದೂಗಿಸಲು ಅವನ ಪುಸ್ತಕಗಳಿಗೆಲ್ಲ ರಷ್ಯಾದ ಬಣ್ಣದ ಪತ್ರಿಕೆಯ ರಟ್ಟು ಹಾಕಿಸಿದರು. ನುಣ್ಣನೆಯ ಆ ಕಾಗದದ ಮೇಲೆ ಗೋಧಿ ತೆನೆ ಹಿಡಿದು ನಗುವ ರಷ್ಯಾದ ಹೆಂಗಸರು! ಹೊಟ್ಟೆಯಲ್ಲಿ ಅಮೆರಿಕ, ಕೈಯಲ್ಲಿ ರಷ್ಯಾ ಇಟ್ಟುಕೊಂಡು ನನ್ನ ಗಂಡ ಏಳನೇ ಕ್ಲಾಸು ಪಾಸು ಮಾಡಿದ. ಇವತ್ತಿಗೂ ಅವನು ಯಾವ ವಿಷಯಕ್ಕೂ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಕಾರಣ ನನಗೆ ಗೊತ್ತು.

ಇನ್ನು ಕವಾಯತಿನ ಕಥೆ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತಿಗೆ ರಜೆ, ನಮಗೆ ಮಾತ್ರ ಇಲ್ಲ! ಬೆಳಿಗ್ಗೆ ಉಂಡಾದ ಮೇಲೆ ಮಾವ ಒಬ್ಬರೇ ಹಾರೆಯಿಂದ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಗಂಟೆಗಟ್ಟಲೆ ಬಿಟ್ಟು, ಲಾಟೀನು ಇಳಿಬಿಟ್ಟು ದೀಪ ಆರುತ್ತದೋ ಇಲ್ಲವೋ ನೋಡಿ, ಆಮೇಲೆ ಇಳಿದು ಗುಡಿಸಿ ಬರುತ್ತಿದ್ದರು. ನಮ್ಮನ್ನು ಒಳಗೆ ಇಳಿಯಲು ಬಿಡುತ್ತಿರಲಿಲ್ಲ. ಚಪ್ಪಡಿ ಮತ್ತೆ ಮುಚ್ಚಿದ ಮೇಲೆ ಜಗಲಿಗೆ ಬಂದು, ಒಂದು ಹಳೆಯ ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಿದ್ದರು. ಬಡಿದ ತಕ್ಷಣ ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಅವರವರ ಪಾಲಿನ ಸಾಮಾನು ಎತ್ತಿಕೊಂಡು ಚಪ್ಪಡಿಯ ಹತ್ತಿರ ಓಡಿ ನಿಲ್ಲಬೇಕು. ಅತ್ತೆಗೆ ಮುದ್ದೆ ಕೋಲು ಮತ್ತು ಮಡಕೆ. ನನ್ನ ಗಂಡನಿಗೆ ನೀರಿನ ಬಿಂದಿಗೆ. ಹೊಸ ಸೊಸೆಯಾದ ನನಗೆ ಉಪ್ಪಿನ ಮಡಕೆ ಮತ್ತು ಬೆಂಕಿಪೊಟ್ಟಣ. ನೆಲದೊಳಗೆ ಗಾಳಿ ಹೇಗೆ ಎಂದು ಕೇಳಿದ್ದಕ್ಕೆ ಅದಕ್ಕೂ ಅವರಲ್ಲಿ ಉತ್ತರವಿತ್ತು. ಹಗೇವಿನಿಂದ ಕೊಟ್ಟಿಗೆಯವರೆಗೆ ಬಿದಿರಿನ ಕೊಳವೆ ಹೂಳಿದ್ದರು. ಬಾಂಬಿನಿಂದ ಬದುಕಿದರೂ ಸಗಣಿಯ ವಾಸನೆಯಿಂದ ಬದುಕುವುದು ಕಷ್ಟವಿತ್ತು, ಬಿಡಿ.

ಒಂದು ಸೋಮವಾರ ನಮ್ಮಪ್ಪ ಮಗಳನ್ನು ನೋಡಲೆಂದು ಬಾಳೆಹಣ್ಣಿನ ಚೀಲ ಹಿಡಿದು ಬಸ್ಸಿಳಿದು ಬಂದರು. ಅವರು ಹೊಸಿಲು ದಾಟುವುದಕ್ಕೂ ತಟ್ಟೆಯ ಸದ್ದಾಗುವುದಕ್ಕೂ ಸರಿಹೋಯಿತು. ನೋಡಿದರೆ ಬೀಗಿತ್ತಿ ಮಡಕೆ ಹೊತ್ತು ಓಡುತ್ತಿದ್ದಾರೆ, ಅಳಿಯ ಬಿಂದಿಗೆ ಹಿಡಿದು ಓಡುತ್ತಿದ್ದಾನೆ, ಮಗಳು ಉಪ್ಪು ಚೆಲ್ಲುತ್ತಾ ಓಡುತ್ತಿದ್ದಾಳೆ! ಅಪ್ಪ ಹಿಂದೆ ಮುಂದೆ ನೋಡದೆ, "ಬೆಂಕಿ ಬಿತ್ತಾ?" ಎಂದು ಕೂಗುತ್ತ ಪಂಚೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಹಿತ್ತಲು ಸೇರಿದರು. ಏದುಸಿರು ಬಿಡುತ್ತಿದ್ದ ಅವರಿಗೆ ಮಾವ ನೀರು ಕೊಟ್ಟು, ಬೆನ್ನು ತಟ್ಟಿ, "ಬೀಗ್ರು ಪರ್ವಾಗಿಲ್ಲ, ವಯಸ್ಸಾಗಿದ್ರೂವೆ ಚುರುಕಾಗವ್ರೆ. ಜಾಗ ಮಾಡ್ಕೊಡಮ" ಎಂದರು. ಅಪ್ಪ ಊರಿಗೆ ಹೋಗಿ ಅವ್ವನಿಗೆ ಏನು ಹೇಳಿದರೋ, ಆಮೇಲೆ ಅವರು ಸೋಮವಾರ ಬಂದದ್ದಿಲ್ಲ.

ಅಲ್ಲ, ಪ್ರಪಂಚದಲ್ಲಿ ಇಷ್ಟು ಜಾಗ ಇರುವಾಗ ಶೀಳನೆರೆ ಸೀಮೆಗೇ ಯಾಕೆ ಬಾಂಬು ಹಾಕುತ್ತಾರೆ? ನಾನು ಕೇಳಿಯೇಬಿಟ್ಟೆ. ಮಾವ ನನ್ನನ್ನು ಕರುಣೆಯಿಂದ ನೋಡಿ, "ಇಲ್ಲಿಗೆ ಯಾರಾಕ್ತಾರವ್ವ? ಅವ್ರು ಹಾಕೋದು ಕನ್ನಂಬಾಡಿ ಕಟ್ಟೆಗೆ. ಗಾಳಿ ಇತ್ಲಾಗೆ ಬೀಸ್ತದೆ" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮೂರು ಕಟ್ಟೆ ಕೆಳ್ಗಡೆ ಅಲ್ವಾ. ಅದು ಮೊದುಲ್ನೇ ದಿನವೇ ಓಯ್ತದೆ. ಅದ್ಕೇ ಅಲ್ವಾ ಈ ಸಂಬಂಧ ಒಪ್ಕಂಡಿದ್ದು, ಒಬ್ಳಾದ್ರೂ ಉಳ್ಕಳ್ಳಿ ಅಂತ" ಎಂದರು. ಬಣ್ಣ, ಓದು, ನಡೆನುಡಿ ನೋಡಿ ನನ್ನನ್ನು ಒಪ್ಪಿಕೊಂಡರು ಎಂದು ನಾನು ಅಂದುಕೊಂಡಿದ್ದೆ! ಆ ದಿನ ಅಡುಗೆಮನೆಗೆ ಹೋಗಿ ಅಳಬೇಕೋ ನಗಬೇಕೋ ತಿಳಿಯದೆ ಈರುಳ್ಳಿ ಹೆಚ್ಚಿದೆ.

ತೊಂಬತ್ತೊಂದರ ಕೊನೆಯಲ್ಲಿ ರಷ್ಯಾ ಒಡೆದುಹೋಯಿತು. ಪಕ್ಕದ ಮನೆಯ ಟೀವಿಯಲ್ಲಿ ಹಳೆಯ ಬಾವುಟ ಇಳಿಸುವುದನ್ನು ನಾನು ಕಣ್ಣಾರೆ ಕಂಡೆ. ಆ ಸುದ್ದಿ ಕೇಳಿ ನನ್ನಷ್ಟು ಖುಷಿಪಟ್ಟವರು ಅಮೆರಿಕದಲ್ಲೂ ಇರಲಿಲ್ಲ. ಇಬ್ಬರಲ್ಲಿ ಒಬ್ಬ ಇಲ್ಲವಾದ ಮೇಲೆ ಜಗಳವೆಲ್ಲಿ, ಬಾಂಬೆಲ್ಲಿ, ಹಗೇವೆಲ್ಲಿ? ಇನ್ನು ಕಕ್ಕಸೇ! ಮರುದಿನ ಬೆಳಿಗ್ಗೆ ಹೆಸರುಬೇಳೆ ಪಾಯಸ ಮಾಡಿದೆ. ಮಾವ ಒಂದು ಗುಟುಕು ಕುಡಿದು, "ಇವತ್ತೇನವ್ವ ಇಸೇಸ?" ಎಂದರು.

"ರಷ್ಯಾ ಒಡೆದೋಯ್ತಲ್ಲ ಮಾವ, ಅದ್ಕೆ."

ಅವರು ಲೋಟವನ್ನು ಕೆಳಗಿಟ್ಟರು. "ಒಂದು ಮನೆ ಒಡುದ್ರೆ ಪಾಯಸ ಮಾಡ್ತಾರಾ ಮಗಾ?" ಎಂದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾವ ಲೋಟವನ್ನು ಪಕ್ಕಕ್ಕೆ ಸರಿಸಿ, "ಬಾಂಬ್ಗಳು ಯಾರ್ ಪಾಲಿಗೆ ಬಂದ್ವಂತೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಪೇಟೆಯಲ್ಲಿ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ. ಅವನು ಒಂದು ವಾರ ಪೇಪರು ಹುಡುಕಿ, ನಾಲ್ಕು ಕಡೆ ಹಂಚಿಹೋಗಿವೆಯಂತೆ ಎಂದು ಸುದ್ದಿ ತಂದ. ಮಾವ ಬೆರಳು ಮಡಚಿ ಎಣಿಸಿದರು. "ಮೊದ್ಲು ಒಬ್ಬ ಯಜಮಾನ ಇದ್ದ. ಬಯ್ದು ಬುದ್ಧಿ ಏಳಿದ್ರೆ ಒಬ್ನೇ ಕೇಳ್ಬೇಕಿತ್ತು. ಈಗ ನಾಕು ಜನ. ಭಾಗ ಆದ್ಮೇಲೇ ಕಣ್ಲಾ ಜಾಸ್ತಿ ಒಡೆದಾಟ. ಹಗೇವು ಒಸಿ ಅಗ್ಲ ಮಾಡ್ಬೇಕು." ಹೋಯಿತಲ್ಲ ನನ್ನ ಕಕ್ಕಸು! ಪಕ್ಕದಲ್ಲಾದರೂ ಬೇರೆ ಗುಂಡಿ ತೋಡೋಣ ಎಂದರೆ, ಹಗೇವಿನ ಗೋಡೆ ಸಡಿಲವಾಗುತ್ತದೆ ಎಂದು ಅದಕ್ಕೂ ಬಿಡಲಿಲ್ಲ.

ನಗುನಗುತ್ತಾ ಹೇಳುತ್ತಿದ್ದೇನೆ, ಆದರೆ ದಿನವೂ ನಗು ಬರುತ್ತಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಚೊಂಬು ಹಿಡಿದು ಹೊಲದ ಬದುವಿಗೆ ಹೋಗಬೇಕು. ಬೆಳಕು ಹರಿದರೆ ಮುಗಿಯಿತು, ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಹಗಲಲ್ಲಿ ನೀರು ಕುಡಿಯಲು ಹೆದರಿಕೆ. ಹೆಂಗಸರಿಗೆ ಇದೆಲ್ಲ ಮಾಮೂಲು ಎಂದು ಅತ್ತೆ ಸಮಾಧಾನ ಮಾಡುತ್ತಿದ್ದರು. ಎಷ್ಟೋ ಸಲ ಆ ಚಪ್ಪಡಿಯ ಮೇಲೆ ಕೂತು ಮಾವನನ್ನು ಮನಸಾರೆ ಬೈದಿದ್ದೇನೆ. ಕಾಣದ ಬಾಂಬಿಗೆ ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಕಣ್ಣೆದುರಿನ ಸೊಸೆಯ ಕಷ್ಟ ಕಾಣುವುದಿಲ್ಲವೇ?

ಮುಂದಿನ ವರ್ಷ ನಾನು ಬಸುರಿಯಾದೆ. ಮಾವ ತಾವಾಗಿಯೇ ನನ್ನನ್ನು ಉಪ್ಪಿನ ಮಡಕೆಯಿಂದ ಬಿಡುಗಡೆ ಮಾಡಿದರು. ತಟ್ಟೆ ಬಡಿದಾಗ ನಾನು ಓಡಬೇಕಿಲ್ಲ, ನಿಧಾನವಾಗಿ ನಡೆದು ಬಂದರೆ ಸಾಕು, ಅಷ್ಟು ಹೊತ್ತು ಅಮೆರಿಕದವನು ಕಾಯುತ್ತಾನೆ ಎಂದು ತೀರ್ಮಾನವಾಯಿತು! ಆರು ತಿಂಗಳಾಗಿತ್ತು. ಹಿಂದಿನ ದಿನ ಮಳೆ ಬಿದ್ದು ಬದುವೆಲ್ಲ ಜಾರುತ್ತಿತ್ತು. ನಸುಕಿನಲ್ಲಿ ಒಬ್ಬಳೇ ಹೋದವಳು ಕಾಲು ಜಾರಿ ಪಕ್ಕದ ಪಾತಿಗೆ ಬಿದ್ದೆ. ಚೊಂಬು ಎಲ್ಲೋ ಉರುಳಿತು. ಕಾಲು ಉಳುಕಿ ಏಳಲಾಗಲಿಲ್ಲ. ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ಕೆಸರಿನಲ್ಲಿ ಕೂತುಬಿಟ್ಟೆ.

ಹುಲ್ಲು ಕೊಯ್ಯಲು ಬಂದಿದ್ದ ಮಾವ ಆ ಕಡೆಯಿಂದ ಬಂದರು. ನನ್ನನ್ನು ನೋಡಿದರು. ಪಕ್ಕದಲ್ಲಿ ಬಿದ್ದಿದ್ದ ಚೊಂಬನ್ನೂ ನೋಡಿದರು. ತಕ್ಷಣ ಮುಖ ತಿರುಗಿಸಿ ನಿಂತುಕೊಂಡು, "ಬತ್ತೀನಿ ತಡ್ಕ ಮಗಾ, ನಿಮ್ಮತ್ತೆ ಕರ್ಕಂಡು ಬತ್ತೀನಿ" ಎಂದು ಹೇಳಿ ಮನೆಯ ಕಡೆ ಓಡಿದರು. ಎಷ್ಟೋ ಸೋಮವಾರ ನಮ್ಮನ್ನೆಲ್ಲ ಓಡಿಸಿದ ಮನುಷ್ಯ ಓಡಿದ್ದನ್ನು ನಾನು ಕಂಡದ್ದು ಅವತ್ತೇ. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ. ಪೇಟೆಯ ಡಾಕ್ಟರಮ್ಮ ನೋಡಿ ಧೈರ್ಯ ಹೇಳಿದರು. ಮನೆಗೆ ಬಂದ ಮೇಲೆ ಮಾವ ಎರಡು ದಿನ ಅರಳಿಕಟ್ಟೆಯ ಕಡೆ ಹೋಗಲಿಲ್ಲ. ಪೇಪರು ಬಂದರೂ ಬಿಡಿಸಲಿಲ್ಲ. ನಲವತ್ತು ವರ್ಷ ಆಕಾಶ ನೋಡಿಕೊಂಡಿದ್ದವರು, ಮನೆಯ ಹೆಂಗಸರು ದಿನಾ ನಡೆಯುವ ದಾರಿಯನ್ನು ನೋಡಿದ್ದು ಆ ಬೆಳಿಗ್ಗೆಯೇ ಇರಬೇಕು.

ಮೂರನೇ ದಿನ ಅವರೇ ಹಿತ್ತಲಿಗೆ ಹೋಗಿ ಚಪ್ಪಡಿ ಸರಿಸಿದರು. ನಮ್ಮನ್ನೆಲ್ಲ ಕರೆದರು. ಅತ್ತೆ ನನ್ನ ತೋಳು ಹಿಡಿದು ಕರೆದುಕೊಂಡು ಹೋಗಿ ಹಗೇವಿನ ಬಾಯಿಯ ಪಕ್ಕ ಕೂರಿಸಿದರು.

"ಕಟ್ಟಿಸ್ಕಳವ್ವ" ಎಂದರು ಮಾವ. "ಆ ಗಾರೆಯೋನು ಏಳಿದ್ದು ಸರಿಯಾಗೇ ಅದೆ. ಇದ್ರ ಮ್ಯಾಲೇ ಕಟ್ಟಿಸ್ಕ. ನಾನು ಅಡ್ಡ ಬರಾಕಿಲ್ಲ."

ನನ್ನ ಗಂಡ ಲಾಟೀನು ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಟ್ಟ. ಅವತ್ತಿನವರೆಗೆ ಒಳಗೆ ಏನಿದೆ ಎಂದು ನಾನು ಕಂಡಿರಲಿಲ್ಲ. ಬಗ್ಗಿ ನೋಡಿದೆ. ಸಗಣಿ ಸಾರಿಸಿದ ನೆಲ, ಕನ್ನಡಿಯ ಹಾಗೆ ಚೊಕ್ಕಟ. ಗೋಡೆಗೆ ಒರಗಿ ಕೂರುವಂತೆ ಸುತ್ತಲೂ ಮರದ ಮಣೆಗಳು. ಒಂದು ಅತ್ತೆಯದು, ಒಂದು ನನ್ನ ಗಂಡನದು, ಒಂದು ನನ್ನದು. ನಾಗಮಂಗಲಕ್ಕೆ ಕೊಟ್ಟಿದ್ದ ನನ್ನ ನಾದಿನಿ ಹಬ್ಬಕ್ಕೆ ಬಂದಿದ್ದಾಗಲೇ ಬಾಂಬು ಬಿದ್ದರೆ ಎಂದು ಅವಳಿಗೊಂದು. ನನ್ನ ಮಣೆಯ ಪಕ್ಕದಲ್ಲಿ ಇನ್ನೊಂದಿತ್ತು, ಅಂಗೈಯಗಲದ್ದು. ಅದರ ಮರದ ಬಣ್ಣ ಇನ್ನೂ ಮಾಸಿರಲಿಲ್ಲ.

"ಅದು ಮಗೀಗೆ" ಎಂದರು ಮಾವ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಮತ್ತೊಮ್ಮೆ ಎಣಿಸಿದೆ. ಐದೇ ಇದ್ದವು. "ನಿಮ್ದೆಲ್ಲಿ ಮಾವ?"

"ನಂಗ್ಯಾಕವ್ವ?" ಎಂದರು, ಇಷ್ಟೂ ತಿಳಿಯದೇ ಎನ್ನುವಂತೆ. "ಹಗೇವಿನ ಬಾಯಿ ಒಳಗಿಂದ ಮುಚ್ಚಕ್ಕಾಯ್ತದಾ? ಬಾಂಬಿನ ಗಾಳಿ ನುಗ್ಗದಂಗೆ ಚಪ್ಪಡಿ ಎಳ್ದು, ಸುತ್ತ ಮಣ್ಣು ಮೆತ್ತಕ್ಕೆ ಒಬ್ರು ಮ್ಯಾಲಿರಬೇಕಲ್ಲ."

ಹೌದಲ್ಲ! ರಾಗಿ ತುಂಬಿ ಹಗೇವು ಮುಚ್ಚುವುದನ್ನು ಊರಿನವರೆಲ್ಲ ಕಂಡವರೇ. ಮೇಲೆ ನಿಂತವನು ಚಪ್ಪಡಿ ಎಳೆದು, ಸಂದಿಗೆಲ್ಲ ಹಸಿಮಣ್ಣು ಬಡಿದ ಮೇಲೇ ಅದು ಮುಚ್ಚುವುದು. ಇಷ್ಟು ವರ್ಷ ಮಡಕೆ, ಬಿಂದಿಗೆ ಹಿಡಿದು ಓಡಿದ ನಮ್ಮಲ್ಲಿ ಒಬ್ಬರಿಗಾದರೂ ಅದು ಹೊಳೆದಿರಲಿಲ್ಲ. ಅವರು ಮಾತ್ರ ಇಪ್ಪತ್ತು ಚಿಲ್ಲರೆ ವಯಸ್ಸಿನಲ್ಲೇ, ರಾಗಿ ಎತ್ತಿಸಿದ ದಿನವೇ ಅದನ್ನು ತೀರ್ಮಾನ ಮಾಡಿಕೊಂಡಿದ್ದರು. ನಾವೆಲ್ಲ ಅವರನ್ನು ಸಾವಿಗೆ ಹೆದರುವವರು ಎಂದುಕೊಂಡು ನಕ್ಕಿದ್ದೆವು.

ಅತ್ತೆ ಇದ್ದಲ್ಲೇ ಕುಸಿದು ಕೂತರು. "ನಮ್ಮುನ್ನೆಲ್ಲ ಒಳೀಕಾಕ್ಬುಟ್ಟು ನೀವೊಬ್ರೇ ಮ್ಯಾಲಿರ್ತಿದ್ರಾ?" ಎಂದರು. ಮಾವ ಅವರ ಕ್ರಮದಂತೆ ಮೀಸೆ ಸವರಿಕೊಳ್ಳಲು ಕೈಯೆತ್ತಿ, ಹಾಗೆಯೇ ಇಳಿಸಿದರು.

ಎರಡು ವರ್ಷ ಕಕ್ಕಸಿಗಾಗಿ ಆ ಗುಂಡಿ ಮುಚ್ಚಿಸಿ ಎಂದು ಕಾಡಿದವಳು ನಾನು. ಅವತ್ತು ನನಗೆ ಕಕ್ಕಸಿನ ನೆನಪೇ ಬರಲಿಲ್ಲ. ಬಾಂಬು ಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಿದ್ದರೆ ಈ ಮನುಷ್ಯ ಒಬ್ಬರೇ ಹಿತ್ತಲಲ್ಲಿ ಮಣ್ಣುಗೈಯಲ್ಲಿ ನಿಂತಿರಬಾರದು, ಅಷ್ಟೇ. "ಇದ್ರ ಮ್ಯಾಲೆ ನಾನು ಏನೂ ಕಟ್ಟಾಕಿಲ್ಲ ಮಾವ. ತುಂಬುಸ್ಬುಡಿ. ಬಿದ್ರೆ ಎಲ್ರೂ ಮ್ಯಾಲೇ ಇರಮ" ಎಂದೆ.

ನನ್ನ ಗಂಡ ಹೂಂ ಎನ್ನದೆ, ಊಹೂಂ ಎನ್ನದೆ ಒಳಗಿಳಿದು ಮಣೆಗಳನ್ನು ಒಂದೊಂದಾಗಿ ಮೇಲಕ್ಕೆ ಕೊಟ್ಟ. ಮಾವ ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟರು. ಅವನು ಮೇಲೆ ಬಂದು ಗುದ್ದಲಿ ತರಲು ಕೊಟ್ಟಿಗೆಗೆ ಹೋದ. ಅವನು ಬರುವವರೆಗೂ ಕಾಯಲಾಗದೆ ನಾನು ಕೂತಲ್ಲಿಂದಲೇ ಎರಡೂ ಕೈಯಲ್ಲಿ ಮಣ್ಣು ಬಾಚಿ ಒಳಕ್ಕೆ ಹಾಕಿದೆ.